ಅಷ್ಟಮಿ ದಿನದ ಸಭೆ

ನಾನು ಕರೆದ ಮೊದಲ ಸಭೆಗೆ ಬಂದವರು 14 ಮಂದಿ. ಎಲ್ಲರೂ ಗಂಡಸರು. ಅವರಲ್ಲಿ ಮೂವರು ಬಳಚು, ಅಂದರೆ ಚಿಪ್ಪುಮೀನಿನ ವ್ಯಾಪಾರಿಗಳು, ಇಬ್ಬರು ಪಂಚಾಯಿತಿ ಸದಸ್ಯರು, ಒಬ್ಬರು ಚಹಾ ಕೊಡಲು ಬಂದು ಅಲ್ಲೇ ಕೂತವರು. ಮಾತಾಡಬೇಕಿದ್ದ ವಿಷಯ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬಳಚು ಕಡಿಮೆಯಾಗುತ್ತಿದೆ, ಏನು ಮಾಡೋಣ ಅಂತ. ದಿನಾ ಕೆಸರಿಗಿಳಿದು ಬಳಚು ಹೆಕ್ಕುವ ಒಬ್ಬ ಹೆಂಗಸೂ ಅಲ್ಲಿರಲಿಲ್ಲ. ನನ್ನ ಸೋದರತ್ತೆ ಕೂಡ ಬಂದಿರಲಿಲ್ಲ.

ಸಂಜೆ ಅವಳ ಮನೆಗೆ ಹೋಗಿ ಸಿಟ್ಟಿನಲ್ಲೇ ಕೇಳಿದೆ. ಅತ್ತೆ ಒಲೆಯಿಂದ ಪಾತ್ರೆ ಇಳಿಸುತ್ತಾ, "ಇವತ್ತು ಪಂಚಮಿ ಅಲ್ದನೇ? ಹನ್ನೊಂದು ಗಂಟೆಗೆ ನಾವು ಸೊಂಟದ ಮಟ್ಟ ನೀರಲ್ಲಿ ಇರ್ತೇವೆ. ನೀ ಸಭೆ ಇಟ್ಟದ್ದು ಆಗ" ಅಂದಳು.

ಮೀನುಗಾರರ ಮನೆಯಲ್ಲೇ ಹುಟ್ಟಿದವಳು ನಾನು. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ದಡದ ಒಂದು ಸಣ್ಣ ಊರು ನಮ್ಮದು. ಊರಿನ ಹೆಸರು ಹೇಳುವುದಿಲ್ಲ, ಕೆಲವು ಜಗಳಗಳು ಇನ್ನೂ ಮುಗಿದಿಲ್ಲ. ಓದಿ, ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ವಾಪಸ್ ಇದೇ ಹೊಳೆಗೆ ಬರುವಷ್ಟರಲ್ಲಿ ಪಂಚಾಂಗ ನೋಡುವ ಅಭ್ಯಾಸ ಬಿಟ್ಟುಹೋಗಿತ್ತು. ಕ್ಯಾಲೆಂಡರಿನಲ್ಲಿ ಭಾನುವಾರ ಎಲ್ಲಿದೆ, ಎರಡನೇ ಶನಿವಾರ ಎಲ್ಲಿದೆ ಅಂತ ಮಾತ್ರ ನೋಡುತ್ತಿದ್ದೆ.

ಲೆಕ್ಕ ಕಷ್ಟದ್ದೇನಲ್ಲ. ಕಡಲ ನೀರಿನ ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನಮ್ಮಲ್ಲಿ ನೀರು ಬೆಳಗಿನ ಜಾವ ಮತ್ತು ಸಂಜೆ ಚೆನ್ನಾಗಿ ಇಳಿಯುತ್ತದೆ, ಮಧ್ಯಾಹ್ನ ತುಂಬಿರುತ್ತದೆ. ಚೌತಿ, ಪಂಚಮಿ ಹೊತ್ತಿಗೆ ಇಳಿತ ಹಗಲಿನ ಹೊತ್ತಿಗೆ ಬಂದು ಬೀಳುತ್ತದೆ. ಅಷ್ಟಮಿ, ನವಮಿಗೆ ನೀರು ಇಳಿದ ಹಾಗೂ ಅಲ್ಲ, ಏರಿದ ಹಾಗೂ ಅಲ್ಲ. ಆ ಎರಡು ದಿನ ಬಳಚು ಸಿಗುವ ಮರಳು ದಿಬ್ಬ ಸರಿಯಾಗಿ ಮೇಲೆ ಕಾಣುವುದೇ ಇಲ್ಲ. ಹೆಕ್ಕಲು ಹೋದರೂ ಬುಟ್ಟಿ ತುಂಬುವುದಿಲ್ಲ. ಹಾಗಾಗಿ ಹೆಂಗಸರು ಬಟ್ಟೆ ಒಗೆಯುವುದು, ಆಸ್ಪತ್ರೆಗೆ ಹೋಗುವುದು, ತವರಿಗೆ ಹೋಗುವುದು ಎಲ್ಲ ಅಷ್ಟಮಿಗೇ.

ಎರಡನೇ ಸಭೆಯನ್ನು ಅಷ್ಟಮಿ ದಿನ ಮಧ್ಯಾಹ್ನ ಮೂರಕ್ಕೆ ಇಟ್ಟೆ. 40ಕ್ಕೂ ಜಾಸ್ತಿ ಹೆಂಗಸರು ಬಂದರು. ಚಹಾ ಸಾಲಲಿಲ್ಲ.

ಬಳಚು ಅಂದರೆ ಚಿಪ್ಪೆಕಲ್ಲು. ಗೋವಾ ಕಡೆಯವರ ತಿಸ್ರ್ಯೋ. ಇದನ್ನು ತೆಗೆಯುವುದನ್ನು ನೋಡದವರಿಗೆ ಒಂದು ಮಾತು. ಇದು ಕಣ್ಣಿನ ಕೆಲಸ ಅಲ್ಲ, ಕಾಲಿನ ಕೆಲಸ. ಮೊಣಕಾಲು ಮಟ್ಟದ ನೀರಿನಲ್ಲಿ ಹೆಬ್ಬೆರಳನ್ನು ಮರಳಿಗೆ ಒತ್ತುತ್ತಾ ನಡೆಯಬೇಕು. ಗಟ್ಟಿಯಾಗಿ ನುಣ್ಣಗೆ ಏನೋ ತಾಗಿದರೆ ಬಳಚು. ಚೂಪಾಗಿ ತಾಗಿದರೆ ಸತ್ತ ಚಿಪ್ಪು, ಕಾಲು ಕೊಯ್ದುಕೊಳ್ಳುತ್ತದೆ. ಬಗ್ಗಿ ಬೆರಳು ಹಾಕಿ ಎತ್ತಿ, ನೀರಲ್ಲಿ ಅಲ್ಲಾಡಿಸಿ, ಸೊಂಟಕ್ಕೆ ಕಟ್ಟಿಕೊಂಡ ಚೀಲಕ್ಕೆ ಹಾಕುವುದು. ಪಾತಿದೋಣಿ ಇರುವ ಗಂಡಸರು ಆಳದಲ್ಲಿ ಮುಳುಗಿ ತೆಗೆಯುತ್ತಾರೆ. ಅವರಿಗೆ ಒಂದೇ ಇಳಿತದಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ಹೆಂಗಸರದ್ದು ದಡದ ಹತ್ತಿರದ ದಿಬ್ಬ, ಅವರಿಗೆ ಬುಟ್ಟಿ ಲೆಕ್ಕ. ಈ ವ್ಯತ್ಯಾಸ ಸಣ್ಣದು ಅಂತ ನಾನು ಮೊದಲು ಅಂದುಕೊಂಡಿದ್ದೆ. ಊರಿನ ಮುಕ್ಕಾಲು ಜಗಳ ಇದರಲ್ಲೇ ಇದೆ.

ಸಭೆಯಲ್ಲಿ ಮೊದಲು ಎದ್ದ ಪ್ರಶ್ನೆ, ಬಳಚು ಯಾಕೆ ಕಡಿಮೆಯಾಯಿತು? ಒಬ್ಬೊಬ್ಬರದ್ದು ಒಂದೊಂದು ಉತ್ತರ. 2019ರ ಆಗಸ್ಟ್ ನೆರೆ ಅಂದರು ಕೆಲವರು. ಸಿಹಿನೀರು ದಿನಗಟ್ಟಲೆ ನಿಂತು ಬಳಚು ಸತ್ತುಹೋಯಿತು, ಮೇಲೆ ಕೆಸರು ಕೂತಿತು ಅಂತ. ಮರಳು ತೆಗೆಯುವವರು ಅಂದರು ಇನ್ನು ಕೆಲವರು. ಮುಳುಗಿ ತೆಗೆಯುವವರು ಮರಿಯನ್ನೂ ಬಿಡುವುದಿಲ್ಲ ಅಂದರು ಹೆಂಗಸರು. ಹೊಳೆ ಬದಿಯ ಉಪ್ಪುನೀರಿನ ಗದ್ದೆಯಾದ ಗಜನಿಯನ್ನು ಸಿಗಡಿ ಕೆರೆ ಮಾಡಿದವರು ಬಿಡುವ ನೀರಿನಿಂದ ಅಂದರು ಇನ್ನೊಬ್ಬರು. ಆ ಗಜನಿಯಲ್ಲಿ ಹಿಂದೆ ಕಗ್ಗ ಬೆಳೆಯುತ್ತಿದ್ದರು, ಉಪ್ಪು ನೀರು ತಡೆಯುವ ಭತ್ತ ಅದು. ಈಗ ಕಗ್ಗದ ಬೀಜ ಇಟ್ಟುಕೊಂಡ ಮನೆ ಹುಡುಕಬೇಕು. ಎಲ್ಲರ ಉತ್ತರದಲ್ಲೂ ಸ್ವಲ್ಪ ಸತ್ಯ ಇತ್ತು. ಆದರೆ ಗಮನಿಸಿ ನೋಡಿದರೆ, ಯಾರೂ ತಮ್ಮ ಮನೆಯವರು ಮಾಡುವ ಕೆಲಸವನ್ನು ಕಾರಣ ಅಂತ ಹೇಳಲಿಲ್ಲ.

ಅತ್ತೆಯ ಓರಗೆಯ ಒಬ್ಬ ಅಜ್ಜಿ ಮಾತ್ರ ಬೇರೆ ಮಾತು ತೆಗೆದಳು. ಅವಳ ತವರು ಹೊನ್ನಾವರ ಕಡೆ, ಶರಾವತಿ ದಡ. "ನಮ್ಮ ಬದಿಗೂ ಹಿಂದೆ ಬಳಚು ಇತ್ತು. ಕರೆಂಟಿನ ನೀರು ಬಿಟ್ಟ ಮೇಲೆ ಹೊಳೆ ಸಪ್ಪೆ ಆಯ್ತು. ಬಳಚು ಹೋಯ್ತು" ಅಂದಳು. ಸಂಶೋಧಕರು ಹೇಳುವುದೂ ಅದನ್ನೇ. ಲಿಂಗನಮಕ್ಕಿ, ಗೇರುಸೊಪ್ಪ ವಿದ್ಯುತ್ ಯೋಜನೆಗಳಿಂದ ಬೇಸಿಗೆಯಲ್ಲೂ ಸಿಹಿನೀರು ಬಂದು ಶರಾವತಿ ಅಳಿವೆಯ ಉಪ್ಪಿನ ಅಂಶ ಕುಸಿಯಿತು. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಘಟ್ಟದ ಮೇಲಿಂದ ಕಡಲವರೆಗೆ ತಡೆಯಿಲ್ಲದೆ ಹರಿಯುತ್ತದೆ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಬಳಚಿಗೆ ಬೇಕಾದದ್ದು ಈ ಏರಿಳಿತವೇ. ಅಘನಾಶಿನಿ–ವೇದಾವತಿ ಜೋಡಣೆಯ ಮಾತು ಬಂದಾಗೆಲ್ಲ ನನಗೆ ಆ ಅಜ್ಜಿಯ ಮಾತು ನೆನಪಾಗುತ್ತದೆ. ಘಟ್ಟದ ಮೇಲೆ ಸಹಿ ಹಾಕುವವರಿಗೆ ಕೆಳಗೆ ಬಳಚು ಇದೆ ಅಂತಲೇ ಗೊತ್ತಿರುವುದಿಲ್ಲ.

ಇನ್ನು ನಕ್ಷೆಯ ಕಥೆ.

2019ರ ಜನವರಿಯಲ್ಲಿ, ಕಡಲು ಮತ್ತು ಅಳಿವೆ ಬದಿಯಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ಹೇಳುವ ಕರಾವಳಿ ನಿಯಂತ್ರಣ ವಲಯದ, ಅಂದರೆ ಹೊಸ ಸಿಆರ್‌ಝಡ್ ಅಧಿಸೂಚನೆ ಬಂತು. ಅದರ ಪ್ರಕಾರ ಕರಾವಳಿ ನಿರ್ವಹಣಾ ನಕ್ಷೆಗಳನ್ನು ಹೊಸದಾಗಿ ಬರೆಯಬೇಕಿತ್ತು. ಕರಡು ನಕ್ಷೆ ಬಂದಾಗ ನಾನು ನಮ್ಮ ಹೊಳೆಯ ಹಾಳೆ ತಂದು ಅತ್ತೆಯ ಅಂಗಳದಲ್ಲಿ ಹಾಸಿದೆ. ಹೆಂಗಸರು ಸುತ್ತ ಕೂತು ನೋಡಿದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, "ಇದರಲ್ಲಿ ನಮ್ಮ ದಿಬ್ಬ ಎಲ್ಲುಂಟು?" ಅಂದಳು. ಇರಲಿಲ್ಲ. ದಿಬ್ಬ ಇರಬೇಕಾದ ಜಾಗ ಪೂರ್ತಿ ನೀಲಿ. ಮೀನು ಒಣಗಿಸುವ ಬಯಲು, ಪಾತಿ ಎಳೆದಿಡುವ ಜಾಗ, ಬಲೆ ಹೊಲಿಯುವ ಮರದಡಿ, ಒಂದೂ ಇಲ್ಲ. ಮೀನುಗಾರರು ಒಟ್ಟಾಗಿ ಬಳಸುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಬೇಕು ಅಂತ 2011ರ ಅಧಿಸೂಚನೆಯಲ್ಲೂ ಇತ್ತು, 2019ರದ್ದರಲ್ಲೂ ಇದೆ. ಆದರೆ ಗುರುತಿಸುವವರು ಬಂದು ಕೇಳಬೇಕಲ್ಲ.

ಇದು ಬರೀ ಬಣ್ಣದ ಮಾತಲ್ಲ. ಜೀವಿಗಳಿರುವ ಕೆಸರು ಬಯಲು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಮೆ ಮೊಟ್ಟೆ ಇಡುವ ದಂಡೆ ಇವೆಲ್ಲ ಸಿಆರ್‌ಝಡ್ 1ಎ ಅನ್ನುವ ಗುಂಪಿಗೆ ಬರುತ್ತವೆ. ಎಲ್ಲಕ್ಕಿಂತ ಬಿಗಿಯಾದ ರಕ್ಷಣೆ ಇರುವುದು ಅದಕ್ಕೆ. ನಕ್ಷೆಯಲ್ಲಿ ಬರೀ ನೀರು ಅಂತ ಇದ್ದರೆ, ನಾಳೆ ಯಾವುದಾದರೂ ಯೋಜನೆ ಬಂದಾಗ "ಇಲ್ಲಿ ಏನೂ ಇಲ್ಲ" ಅಂತ ಬರೆದುಬಿಡಬಹುದು. ತದಡಿಯ ಹೆಸರಿನಲ್ಲಿ ನಮಗೆ ಈ ಅನುಭವ ಆಗಿದೆ. ಒಮ್ಮೆ 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಬರುತ್ತದೆ ಅಂದರು, ಆಮೇಲೆ ದೊಡ್ಡ ಬಂದರು ಅಂದರು. ಎರಡೂ ಸಲ ಊರಿನವರು ಬೀದಿಗಿಳಿಯಬೇಕಾಯಿತು.

ಮರಳಿನ ವಿಷಯದಲ್ಲಂತೂ ನಕ್ಷೆ ಇನ್ನೂ ಮುಖ್ಯ. ಸಿಆರ್‌ಝಡ್ ಒಳಗೆ ಮರಳುಗಾರಿಕೆ ಇಲ್ಲ. ದೋಣಿ ಓಡಾಟಕ್ಕೆ ಅಡ್ಡ ಬರುವ ಮರಳು ದಿಬ್ಬವನ್ನು ಸಾಂಪ್ರದಾಯಿಕವಾಗಿ ಕೈಯಿಂದ ತೆಗೆಯುವವರಿಗೆ ಮಾತ್ರ ಪರವಾನಗಿ. ಕಾಗದದ ಮೇಲೆ ಸರಿಯಾಗೇ ಇದೆ. ಆದರೆ ಯಾವುದು ಅಡ್ಡ ಬರುವ ದಿಬ್ಬ? ಕಚೇರಿಯಿಂದ ನೋಡಿದರೆ ಮರಳು ದಿಬ್ಬ, ಅತ್ತೆಯ ಕಾಲಿಗೆ ಅದೇ ಬಳಚಿನ ದಿಬ್ಬ. ಒಂದೇ ಜಾಗ.

ನಾವು ಮಾಡಿದ್ದು ಇಷ್ಟು. ಒಳ್ಳೆ ಇಳಿತದ ದಿನ ಒಂದೊಂದು ದಿಬ್ಬದ ಮೂಲೆ ಮೂಲೆಗೆ ಒಬ್ಬೊಬ್ಬ ಹೆಂಗಸು ಹೋಗಿ ನಿಂತಳು. ನಾನು ಪಾತಿಯಲ್ಲಿ ಕೂತು ಒಬ್ಬೊಬ್ಬರ ಹತ್ತಿರ ಹೋಗಿ ಫೋನಿನಲ್ಲಿ ಜಿಪಿಎಸ್ ಗುರುತು ಹಾಕಿಕೊಂಡೆ. ಫೋನು ಪ್ಲಾಸ್ಟಿಕ್ ಕವರಿನಲ್ಲಿ. ಒಂದು ಫೋನು ನೀರಿಗೆ ಬಿತ್ತು, ಎರಡು ದಿನದ ಕೆಲಸ ಹೋಯಿತು. ಅವತ್ತಿನಿಂದ ಗುರುತನ್ನು ಪೆನ್ಸಿಲಿನಲ್ಲೂ ಬರೆದುಕೊಳ್ಳಲು ಶುರು ಮಾಡಿದೆ. ಪೆನ್ನು ಬೇಡ, ಒದ್ದೆಯಾದರೆ ಅಳಿಸಿಹೋಗುತ್ತದೆ. ಐದು ದಿಬ್ಬಗಳಿಗೆ ಹೆಂಗಸರು ಹತ್ತು ಹೆಸರು ಹೇಳಿದರು, ಒಂದೊಂದು ದಿಬ್ಬದ ತಲೆಗೊಂದು ಬಾಲಕ್ಕೊಂದು ಹೆಸರು. ಎಲ್ಲವನ್ನೂ ಬರೆದೆ.

ಉಪ್ಪಿನ ಕೆಲಸ ಇದಕ್ಕಿಂತ ಕಷ್ಟದ್ದಾಯಿತು. ಹೊಳೆಯಲ್ಲಿ ಸಿಆರ್‌ಝಡ್ ಎಲ್ಲಿಯವರೆಗೆ ಅನ್ನುವುದನ್ನು ನಿಯಮ ಉಪ್ಪಿನಿಂದ ಅಳೆಯುತ್ತದೆ. ವರ್ಷದ ಅತಿ ಒಣ ಕಾಲದಲ್ಲಿ ಸಾವಿರಕ್ಕೆ 5 ಭಾಗ ಉಪ್ಪು ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೆ ಉಬ್ಬರದ ಪ್ರಭಾವ ಇದೆ ಅಂತ ಅರ್ಥ. ಕಡಲ ನೀರು ಸುಮಾರು 35. ಕರಡು ನಕ್ಷೆಯ ಗೆರೆ ನಿಂತ ಜಾಗದಿಂದ ಇನ್ನೂ ಮೇಲಕ್ಕೆ ಬೇಸಿಗೆಯಲ್ಲಿ ಉಪ್ಪು ನೀರು ಹೋಗುತ್ತದೆ ಅಂತ ಹೊಳೆ ಬದಿಯ ತೋಟದವರಿಗೆಲ್ಲ ಗೊತ್ತು, ಅವರ ಬಾವಿಯೇ ಉಪ್ಪಾಗುತ್ತದೆ.

ಅಳೆಯುವ ಸಾಧನ ನಮ್ಮ ಬಳಿ ಇರಲಿಲ್ಲ. ಯಾರ ಬಳಿ ಇತ್ತು ಹೇಳಿ? ಸಿಗಡಿ ಕೆರೆಯವರ ಬಳಿ. ಸಭೆಯಲ್ಲಿ ನಾವು ಬೈದವರೇ. ನಾಚಿಕೆ ಬಿಟ್ಟು ಹೋಗಿ ಕೇಳಿದೆ. ಅವರು ನಗುತ್ತಾ ರಿಫ್ರಾಕ್ಟೋಮೀಟರ್ ಕೊಟ್ಟರು. ಟಾರ್ಚಿನಷ್ಟು ಉದ್ದದ ಕೊಳವೆ ಅದು. ಗಾಜಿನ ಮೇಲೆ ಎರಡು ಹನಿ ನೀರು ಹಾಕಿ, ಮುಚ್ಚಳ ಹಾಕಿ, ಬೆಳಕಿನ ಕಡೆ ಹಿಡಿದು ಕಣ್ಣಿಟ್ಟರೆ ಒಳಗೆ ನೀಲಿ ಬಿಳಿ ಎರಡು ಭಾಗ ಕಾಣುತ್ತದೆ. ಎರಡೂ ಸೇರುವ ಗೆರೆ ಎಷ್ಟರಲ್ಲಿದೆಯೋ ಅಷ್ಟು ಉಪ್ಪು. ಹೊರಡುವ ಮುಂಚೆ ಶುದ್ಧ ನೀರು ಹಾಕಿ ಗೆರೆ ಸೊನ್ನೆಗೆ ಬರುವಂತೆ ತಿರುಪು ತಿರುಗಿಸಿಕೊಳ್ಳಬೇಕು.

ಮೇ ತಿಂಗಳ ಅಮಾವಾಸ್ಯೆ ದಿನ, ಮಧ್ಯಾಹ್ನ ನೀರು ತುಂಬುವ ಹೊತ್ತಿಗೆ ಮಿರ್ಜಾನ್ ದಾಟಿ ಮೇಲಕ್ಕೆ ಹೊರಟೆವು. ದೋಣಿ ನಡೆಸುತ್ತಿದ್ದ ಅಜ್ಜ ಗಾಜಿನಲ್ಲಿ ಒಮ್ಮೆ ನೋಡಿ, ತಾನು ನೀರನ್ನು ನಾಲಿಗೆಗೆ ಹಚ್ಚಿ, ಸಂಖ್ಯೆ ಹೇಳತೊಡಗಿದ. ಹೆಚ್ಚುಕಡಿಮೆ ಸರಿಯಾಗೇ ಹೇಳುತ್ತಿದ್ದ. ಉಪ್ಪಿನಪಟ್ಟಣದ ಕಡೆ ಸಾಗುವಾಗ, "ಹೆಸರಲ್ಲೇ ಉಪ್ಪು ಉಂಟು, ನಿಂಗೆ ಮಿಷನ್ ಯಂತಕ್ಕೆ?" ಅಂತ ನಗಾಡಿದ.

ಆ ಲೆಕ್ಕ ತಿರಸ್ಕಾರವಾಯಿತು. ಕಚೇರಿಯಲ್ಲಿ ಒಬ್ಬ ಅಧಿಕಾರಿ ನಮ್ಮ ಹಾಳೆ ನೋಡಿ, ನೀರು ಎಷ್ಟು ಆಳದಿಂದ ತೆಗೆದಿದ್ದೀರಿ ಅಂತ ಒಂದೇ ಪ್ರಶ್ನೆ ಕೇಳಿದರು. ನಾವು ದೋಣಿಯಿಂದ ಕೈಚಾಚಿ ಮೇಲಿನ ನೀರು ತೆಗೆದಿದ್ದೆವು. ಉಪ್ಪು ನೀರು ಭಾರ, ಅದು ಅಡಿಯಲ್ಲಿ ಮೇಲಕ್ಕೆ ತೆವಳುತ್ತದೆ, ಸಿಹಿನೀರು ಅದರ ಮೇಲೆ ಹರಿಯುತ್ತದೆ. ಇದನ್ನು ನಾನು ಓದಿದ್ದೆ, ಆದರೂ ಹೊಳೆಗೆ ಹೋದಾಗ ಮರೆತೆ. ಆ ಅಧಿಕಾರಿಯ ಮೇಲೆ ಅವತ್ತು ಕೋಪ ಬಂದಿತ್ತು. ಈಗ ಇಲ್ಲ. ಅಷ್ಟು ಸರಿಯಾದ ಪ್ರಶ್ನೆಯನ್ನು ಆ ಕಟ್ಟಡದಲ್ಲಿ ಮತ್ತೆ ಯಾರೂ ನನಗೆ ಕೇಳಿಲ್ಲ.

ಮುಂದಿನ ಮೇ ತಿಂಗಳವರೆಗೆ ಕಾಯಬೇಕಾಯಿತು. ಆ ಸಲ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿದೆವು. ಬಾಟಲಿ ಅಡಿಗೆ ಮುಟ್ಟಿದ ಮೇಲೆ ಬಿರಡೆಯ ದಾರ ಎಳೆದರೆ ಅಡಿಯ ನೀರೇ ತುಂಬುತ್ತದೆ. ಕಡಿಮೆ ಖರ್ಚು, ಕೆಲಸ ಖಚಿತ. ಪ್ರತಿ ಜಾಗದಲ್ಲಿ ಮೇಲಿನದ್ದು, ಅಡಿಯದ್ದು ಎರಡೂ ಬರೆದೆವು, ಹೊತ್ತು ಬರೆದೆವು, ಫೋಟೊ ತೆಗೆದೆವು. ಅಡಿಯ ಲೆಕ್ಕದಲ್ಲಿ ಗೆರೆ ಅಜ್ಜ ಹೇಳಿದಲ್ಲಿಗೇ ಬಂತು.

ಅಷ್ಟರಲ್ಲಿ ನಕ್ಷೆಯ ಗಡಿಬಿಡಿ ಮುಗಿದಿತ್ತು. ನಮ್ಮ ಮೊದಲ ಆಕ್ಷೇಪಣೆಯಲ್ಲಿ ಉಪ್ಪಿನ ಭಾಗಕ್ಕೆ ಬಂದ ಉತ್ತರ, ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ ಅಂತ. ಮೀನು ಒಣಗಿಸುವ ಬಯಲು, ಪಾತಿ ಎಳೆಯುವ ಜಾಗ ಸೇರಿದವು. ಐದು ದಿಬ್ಬಗಳಲ್ಲಿ ಎರಡು ಕೆಸರು ಬಯಲು ಅಂತ ಬಂದವು. ಮೂರು ಇನ್ನೂ ನೀಲಿ.

ಆ ಎರಡಾದರೂ ಯಾಕೆ ಬಂದವು ಅಂದರೆ, ನನ್ನ ಅಂದಾಜು, ನಮ್ಮ ಜಿಪಿಎಸ್ ಗುರುತಿಗಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ಹಳೆ ಅಂಕಿ. 2008ರ ಸುಮಾರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಘನಾಶಿನಿಯ ಬಳಚಿನ ಲೆಕ್ಕ ಮಾಡಿದ್ದರು. ವರ್ಷಕ್ಕೆ ಸುಮಾರು 22,000 ಟನ್, ನೇರವಾಗಿ ಅದರಲ್ಲಿ ದುಡಿಯುವವರು 2,347 ಮಂದಿ, ಬೆಲೆ ಸುಮಾರು 5.78 ಕೋಟಿ ರೂಪಾಯಿ. ಇದನ್ನು ಆಕ್ಷೇಪಣೆಯ ಮೊದಲ ಪುಟದಲ್ಲೇ ಹಾಕಿದ್ದೆವು. ಅದಕ್ಕೂ ಮುಂಚೆ ನಾನು ಬರೆದ ಅರ್ಜಿಗಳಲ್ಲಿ "ಬಡ ಮಹಿಳೆಯರ ಜೀವನೋಪಾಯ" ಅಂತ ಬರೆಯುತ್ತಿದ್ದೆ. ಓದಿದವರು ಅಯ್ಯೋ ಪಾಪ ಅನ್ನುತ್ತಿದ್ದರು. ಕೋಟಿ ಅಂತ ಬರೆದ ಮೇಲೆ ಕುರ್ಚಿ ಕೊಟ್ಟರು.

ಸರ್ಕಾರದ ಜೊತೆ ಹೀಗೆ ಹೇಗೋ ಸಂಭಾಳಿಸಿದೆ. ಊರಿನ ಒಳಗೆ ಅಷ್ಟು ಸುಲಭ ಇರಲಿಲ್ಲ.

ಕೇರಳದ ಕೊಲ್ಲಂ ಹತ್ತಿರ ಅಷ್ಟಮುಡಿ ಅಂತ ದೊಡ್ಡ ಹಿನ್ನೀರಿದೆ. ಅಲ್ಲಿನ ಬಳಚುಗಾರರು ಡಿಸೆಂಬರಿನಿಂದ ಫೆಬ್ರವರಿವರೆಗೆ ಬಳಚು ತೆಗೆಯುವುದಿಲ್ಲ, ಮೊಟ್ಟೆ ಬಿಡುವ ಕಾಲ ಅಂತ. 30 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆ ಬಳಸುವುದಿಲ್ಲ. 2014ರಲ್ಲಿ ಅವರಿಗೆ, ಸಂತತಿ ಬರಿದಾಗದಂತೆ ಹಿಡಿಯುವವರಿಗೆ ಕೊಡುವ ಅಂತರರಾಷ್ಟ್ರೀಯ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು. ಕೇಂದ್ರ ಸಾಗರ ಮೀನು ಸಂಶೋಧನಾ ಸಂಸ್ಥೆಯವರು ಅದರ ಹಿಂದಿದ್ದರು. ನಾನು ಇದನ್ನು ಓದಿ ಉಬ್ಬಿಹೋಗಿ, ಅಷ್ಟಮಿ ಸಭೆಯಲ್ಲಿ ಮೂರು ತಿಂಗಳು ಬಂದ್ ಮಾಡೋಣ ಅಂದೆ.

ಕೂತವರೆಲ್ಲ ನಕ್ಕರು. ಒಬ್ಬಳು, "ಡಿಸೆಂಬರ್‌ಗೆ ಗೋವಾಕ್ಕೆ ಲಾರಿ ತುಂಬುವ ಹೊತ್ತಿಗೆ ನಾವು ಮನೆಯಲ್ಲಿ ಕೂತು ಭಜನೆ ಮಾಡುದಾ?" ಅಂದಳು. ಮಳೆಗಾಲದಲ್ಲಿ ಹೇಗೂ ಹೊಳೆ ಸಪ್ಪೆ, ಕೆಲಸ ಇಲ್ಲ. ಮಳೆ ಬಿಟ್ಟ ಮೇಲೆ ಚಳಿಗಾಲದಲ್ಲೇ ದರ ಇರುವುದು. ಆಗಲೇ ಬಂದ್ ಅಂದರೆ ಸಾಲ ತೀರಿಸುವುದು ಯಾವಾಗ? ಕೇರಳದ್ದನ್ನು ಇಲ್ಲಿ ಹಾಗೇ ತಂದು ಹಚ್ಚಲು ನೋಡಿದ್ದು ನನ್ನ ತಪ್ಪೇ.

ಎರಡು ಅಷ್ಟಮಿ ಕಳೆದ ಮೇಲೆ ಅತ್ತೆಯೇ ಒಂದು ದಾರಿ ಹೇಳಿದಳು. ಹೊಳೆ ಪೂರ್ತಿ ಮುಚ್ಚುವುದು ಬೇಡ, ಒಂದು ದಿಬ್ಬ ಬಿಡೋಣ. ಬೀಜಕ್ಕೆ ಅಂತ ಭತ್ತ ತೆಗೆದಿಡುವುದಿಲ್ವಾ, ಹಾಗೆ. ಅದಕ್ಕೆ ಬೀಜದ ದಿಬ್ಬ ಅಂತಲೇ ಹೆಸರು ಬಿತ್ತು. ನವೆಂಬರಿನಿಂದ ಜನವರಿ ಕೊನೆಯವರೆಗೆ ಅಲ್ಲಿ ಯಾರೂ ಕೈ ಹಾಕಬಾರದು. ಬಿದಿರಿನ ಗಳ ಊರಿ, ಹಳೆ ಕೆಂಪು ಸೀರೆ ಹರಿದು ಕಟ್ಟಿದೆವು.

ಮೊದಲ ವಾರದಲ್ಲೇ ನಾಲ್ಕು ಗಳ ಮಾಯ. ಯಾರು ಅಂತ ಎಲ್ಲರಿಗೂ ಗೊತ್ತು. ಮರಳು ದೋಣಿಯವರು. ನನ್ನ ಚಿಕ್ಕಪ್ಪನ ಮಗ ಆ ದೋಣಿಯಲ್ಲೇ ಕೆಲಸ ಮಾಡುತ್ತಾನೆ. ಪೊಲೀಸರಿಗೆ ದೂರು ಕೊಡಬೇಕು ಅಂತ ನಾನು ಹಾರಾಡಿದೆ. ಅತ್ತೆ ಬೇಡ ಅಂದಳು. ಅವತ್ತು ರಾತ್ರಿ ಅವನ ಮನೆಗೆ ಹೋಗಿ ಊಟ ಮಾಡಿ ಬಂದಳು. ಏನು ಮಾತಾಡಿದಳೋ ಇವತ್ತಿಗೂ ಹೇಳಿಲ್ಲ. ಗಳ ವಾಪಸ್ ಬರಲಿಲ್ಲ, ಆದರೆ ಹೊಸ ಗಳ ಊರಿದ ಮೇಲೆ ಯಾರೂ ಕೀಳಲಿಲ್ಲ. ಮರಳು ದೋಣಿ ಇನ್ನೂರು ಮಾರು ಆಚೆ ಹೋಯಿತು. ಅಲ್ಲಿ ಇನ್ನೊಂದು ಊರಿನ ಹೆಂಗಸರ ದಿಬ್ಬ ಇದೆ. ಈ ಮಾತನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ನಮ್ಮದು ಉಳಿಸಿಕೊಂಡದ್ದು ಹೌದು, ತೊಂದರೆ ಪಕ್ಕದವರ ಮನೆಗೆ ಹೋದದ್ದೂ ಹೌದು.

ಮರಿ ಬಳಚಿನ ವಿಷಯಕ್ಕೆ ದಂಡ ಹಾಕೋಣ ಅಂತ ಮೊದಲು ತೀರ್ಮಾನ ಆಗಿತ್ತು. ದಂಡ ಯಾರು ವಸೂಲಿ ಮಾಡುವುದು? ಯಾರೂ ಮುಂದೆ ಬರಲಿಲ್ಲ. ಆಮೇಲೆ ಹೊಳೆದದ್ದು ವ್ಯಾಪಾರಿಗಳ ತಕ್ಕಡಿ. ಮುಳುಗಿ ತೆಗೆದವರದ್ದಿರಲಿ, ಹೆಕ್ಕಿದವರದ್ದಿರಲಿ, ಎಲ್ಲರ ಬಳಚೂ ಹೋಗುವುದು ಅಲ್ಲಿಗೇ. ಅಲ್ಲೊಂದು ಜರಡಿ ಇಟ್ಟರೆ ಆಯಿತಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಜಾಲರಿಯ ಜರಡಿ ಮಾಡಿಸಿದೆವು. ಅಷ್ಟಮುಡಿಯ ಹಾಗೆ 30 ಮಿಲಿಮೀಟರ್ ಕಣ್ಣು. ಮೊದಲ ದಿನ ಮೊದಲ ಮೂಟೆ ಸುರಿದರೆ ಅರ್ಧಕ್ಕರ್ಧ ಕೆಳಗೆ ಬಿತ್ತು. ಗಲಾಟೆ ಶುರುವಾಯಿತು, ಜರಡಿ ಹೊಳೆಗೆ ಹೋಗುವುದೊಂದು ಬಾಕಿ. 25ಕ್ಕೆ ಇಳಿಸಿದೆವು. ವಿಜ್ಞಾನ ಓದಿದವರು ಇದಕ್ಕೆ ಒಪ್ಪಲಿಕ್ಕಿಲ್ಲ. ಆದರೆ ದಿನಾ ಬಳಸುವ 25ರ ಜರಡಿ, ಮೂಲೆಗೆ ಬಿದ್ದ 30ರ ಜರಡಿಗಿಂತ ಮೇಲು ಅಂತ ನನಗೆ ಅನಿಸಿತು. ಕೆಳಗೆ ಬಿದ್ದ ಮರಿಯನ್ನು ಅದೇ ಉಬ್ಬರದಲ್ಲಿ ಬೀಜದ ದಿಬ್ಬಕ್ಕೆ ಹಾಕಿ ಬರಬೇಕು. ಬಿಸಿಲಲ್ಲಿ ರಾಶಿ ಬಿಟ್ಟರೆ ಸಾಯುತ್ತವೆ. ಈ ಕೆಲಸಕ್ಕೆ ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗರು ಖುಷಿಯಿಂದ ಬರುತ್ತಾರೆ, ಒಂದು ಬೋಂಡಾ ಕೊಟ್ಟರೆ ಸಾಕು.

ಮೂವರು ವ್ಯಾಪಾರಿಗಳಲ್ಲಿ ಇಬ್ಬರು ಒಪ್ಪಿದರು. ಮೂರನೆಯವರು ಒಪ್ಪಿದ ಹಾಗೆ ಮಾಡಿ ರಾತ್ರಿ ಹೊತ್ತು ಸಣ್ಣದನ್ನೂ ಕೊಂಡರು. ಸಣ್ಣದಕ್ಕೂ ಕಾಸು ಸಿಗುತ್ತದೆ ಅಂದ ಮೇಲೆ ಮುಳುಗುವವರು ಅವರ ಕಡೆ ವಾಲಿದರು. ಇದಕ್ಕೆ ಪರಿಹಾರ ಇನ್ನೂ ಸಿಕ್ಕಿಲ್ಲ.

ಇದನ್ನೆಲ್ಲ ಕಾಗದಕ್ಕೆ ತರಲು ನಾವು ಹಿಡಿದದ್ದು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು. 2002ರ ಕಾಯ್ದೆಯ ಪ್ರಕಾರ ಎಲ್ಲ ಪಂಚಾಯಿತಿಯಲ್ಲೂ ಅದು ಇರಬೇಕು. ನಮ್ಮಲ್ಲೂ ಇತ್ತು, ಹೆಸರಿಗೆ. ಆಗ ಇದ್ದ 2004ರ ನಿಯಮದ ಪ್ರಕಾರ ಅಧ್ಯಕ್ಷರ ಜೊತೆ ಆರು ಜನ ಸದಸ್ಯರು, ಮೂರರಲ್ಲಿ ಒಂದು ಪಾಲು ಹೆಂಗಸರು ಇರಬೇಕಿತ್ತು. ನಮ್ಮ ಸಮಿತಿಯ ಇಬ್ಬರು ಹೆಂಗಸರು ಯಾರು ಅಂತ ನೋಡಿದರೆ, ಇಬ್ಬರೂ ಸದಸ್ಯರ ಹೆಂಡತಿಯರು. ಹೊಳೆಗೆ ಇಳಿದವರಲ್ಲ. ಆ ಎರಡು ಜಾಗಕ್ಕೆ ಬಳಚು ಹೆಕ್ಕುವವರು ಬರಬೇಕು ಅಂತ ಎಂಟು ತಿಂಗಳು ಓಡಾಡಿದೆ. ಬಂದರು ಮತ್ತು ಸ್ಥಾವರದ ವಿರುದ್ಧ ಮೆರವಣಿಗೆಯಲ್ಲಿ ನಮ್ಮ ಜೊತೆ ಘೋಷಣೆ ಕೂಗಿದವರೇ ಇದಕ್ಕೆ ಅಡ್ಡ ನಿಂತರು. ಒಂದು ಜಾಗ ಸಿಕ್ಕಿತು. ಅತ್ತೆ ಕೂತಳು. ಸಹಿ ಹಾಕಲು ಬರುತ್ತದೆ ಅಂತ ಮೊದಲೇ ಹೇಳಿಟ್ಟಳು, ಯಾರೂ ಕೇಳುವ ಮುಂಚೆ.

2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಘೋಷಣೆಯಾಯಿತು. 4,801 ಹೆಕ್ಟೇರ್. ಅದರ ಜೊತೆಗೇ ಗದಗದ ಮಾಗಡಿ ಕೆರೆ, ವಿಜಯನಗರದ ಅಂಕಸಮುದ್ರ ಕೂಡ. ಪೇಪರಿನಲ್ಲಿ ದೊಡ್ಡದಾಗಿ ಬಂತು, ನನ್ನ ಫೋನಿಗೆ ಅಭಿನಂದನೆಗಳ ಸುರಿಮಳೆ. ಊರಿನಲ್ಲಿ ಮಾತ್ರ ಒಂದೇ ಮಾತು ಹರಿದಾಡುತ್ತಿತ್ತು, "ಇನ್ಮೇಲೆ ಬಳಚು ಹೆಕ್ಕುವ ಹಾಗಿಲ್ಲಂತೆ." ಮೂರನೇ ವ್ಯಾಪಾರಿ ಅದನ್ನು ಹಬ್ಬಿಸಿದರು ಅಂತ ಕೆಲವರು ಹೇಳುತ್ತಾರೆ. ಯಾರು ಹಬ್ಬಿಸಿದರೂ, ಅಂಥ ಮಾತನ್ನು ಜನ ತಕ್ಷಣ ನಂಬುತ್ತಾರೆ ಅನ್ನುವುದೇ ಯೋಚಿಸಬೇಕಾದ್ದು. ಕಾಡಿನ ಅಂಚಿನವರಿಗೆ ಏನಾಯಿತು ಅಂತ ಅವರು ನೋಡಿದ್ದಾರೆ.

ಎರಡು ಅಷ್ಟಮಿ ಇದಕ್ಕೇ ಹೋಯಿತು. ರಾಮ್ಸಾರ್ ಒಪ್ಪಂದ ಜಾಗವನ್ನು ಜನರಿಂದ ಮುಚ್ಚಿಡು ಅನ್ನುವುದಿಲ್ಲ, ಕೆಡಿಸದೆ ಬಳಸು ಅನ್ನುತ್ತದೆ ಅಂತ ವಿವರಿಸಿದೆ. ಇನ್ನೊಂದು ಸಂಗತಿಯನ್ನೂ ಮುಚ್ಚಿಡಲಿಲ್ಲ. ಜೌಗು ಪ್ರದೇಶಗಳ 2017ರ ನಿಯಮ ಸಿಆರ್‌ಝಡ್ ಒಳಗಿನ ಜಾಗಕ್ಕೆ ಅನ್ವಯಿಸುವುದಿಲ್ಲ ಅಂತ ಆ ನಿಯಮದಲ್ಲೇ ಬರೆದಿದೆ. ಅಂದರೆ ಹಲಗೆ ದೊಡ್ಡದು, ಕೈ ಹಿಡಿದು ತಡೆಯುವ ಕೆಲಸ ಈಗಲೂ ಆ ಹಳೆ ಸಿಆರ್‌ಝಡ್ ನಕ್ಷೆಯದ್ದೇ. ಅದರಲ್ಲಿ ನಮ್ಮ ಮೂರು ದಿಬ್ಬ ಇನ್ನೂ ನೀಲಿ. ಇದನ್ನು ಕೇಳಿ ಅಜ್ಜಿಯೊಬ್ಬಳು, "ಹಂಗಾದ್ರೆ ಹೆಸರು ಇಟ್ಟದ್ದು ಯಂತಕ್ಕೆ?" ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ. ದೊಡ್ಡ ಯೋಜನೆ ಬಂದಾಗ ಎದುರಿಗೆ ಹಿಡಿಯಲು ಒಂದು ಕಾಗದ ಜಾಸ್ತಿ ಆಯಿತು ಅಂದೆ. ಅವಳಿಗೆ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ.

ಬೀಜದ ದಿಬ್ಬವನ್ನು ಫೆಬ್ರವರಿ ತಿಂಗಳ ಅಮಾವಾಸ್ಯೆಗೆ ತೆರೆಯುತ್ತೇವೆ. ಬೆಳಗಿನ ಜಾವ, ಇನ್ನೂ ಕತ್ತಲು ಇರುವಾಗಲೇ ಎಲ್ಲರೂ ಟಾರ್ಚು ಹಿಡಿದು ದಡದಲ್ಲಿ ನಿಂತಿರುತ್ತಾರೆ. ಮೊದಲ ಒಂದು ಗಂಟೆ ಹೆಂಗಸರಿಗೆ ಮಾತ್ರ, ಆಮೇಲೆ ಪಾತಿಯವರು. ಈ ಒಂದು ಗಂಟೆಗಾಗಿ ನಡೆದ ಜಗಳ ಬರೆದರೆ ಇನ್ನೊಂದು ಇಷ್ಟೇ ಆಗುತ್ತದೆ. ಕಳೆದ ಸಲ ಅತ್ತೆ ನೀರಿಗಿಳಿದು ಹೆಬ್ಬೆರಳು ಒತ್ತಿ, ನಾಲ್ಕು ಹೆಜ್ಜೆ ನಡೆದು, ತಿರುಗಿ ನನ್ನ ಕಡೆ ನೋಡಿ ಕೈಸನ್ನೆ ಮಾಡಿದಳು. ಉಂಟು ಅಂತ. ಎಷ್ಟು ಮುಚ್ಚಿದ್ದರಿಂದ ಬಂತು, ಎಷ್ಟು ಆ ವರ್ಷದ ಮಳೆ ಹದವಾಗಿ ಬಿದ್ದದ್ದರಿಂದ ಬಂತು ಅಂತ ಕೇಳಿದರೆ ನನ್ನಿಂದ ಬಿಡಿಸಿ ಹೇಳಲು ಆಗುವುದಿಲ್ಲ.

ಮೊನ್ನೆ ಒಂದು ಕಚೇರಿಯಿಂದ ಪತ್ರ ಬಂತು. ಅಳಿವೆಯ ನಿರ್ವಹಣೆ ಬಗ್ಗೆ ಸಮಾಲೋಚನಾ ಸಭೆ, ಸ್ಥಳೀಯ ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಬೇಕು, ಸಮಯ ಬೆಳಿಗ್ಗೆ 11. ಪಂಚಾಂಗ ತೆಗೆದು ನೋಡಿದೆ. ಪಂಚಮಿ. ಫೋನು ಮಾಡಿ, ಮೂರು ದಿನ ಮುಂದಕ್ಕೆ ಹಾಕಲು ಆಗುತ್ತದಾ ಸರ್ ಅಂದೆ. ಯಾಕೆ, ಹಬ್ಬ ಏನಾದರೂ ಇದೆಯಾ ಅಂತ ಕೇಳಿದರು. ಇಲ್ಲ ಸರ್, ನೀರು ಇಳಿಯುತ್ತದೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಸಾಹೇಬರನ್ನು ಕೇಳಿ ಹೇಳ್ತೇನೆ" ಅಂದರು.